ಹೈಸ್ಕೂಲ್ ಮೇಷ್ಟ್ರಿಗೆ ಕಂಪ್ಯೂಟರ್ ಕಾರ್ಯಾಗಾರ: ಕಾಲೇಜಿನವರ ಹತ್ತಿರ ನಿಜಕ್ಕೂ ಏನು ಕೇಳಬೇಕು?

ಗಣಿತದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಿಸಿಎಂ ಶಿಕ್ಷಕ. ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ನನ್ನ ಹತ್ತಿರ ಇದೆ, ಹಾಗಾಗಿ ಕಂಪ್ಯೂಟರ್ ಮೇಷ್ಟ್ರೂ ನಾನೇ. ಇಲಾಖೆಯ ತರಬೇತಿಯಲ್ಲಿ ಉಬುಂಟು, ಲಿಬ್ರೆ ಆಫೀಸ್, ಜಿಯೋಜೀಬ್ರಾ ಕಲಿತಿದ್ದೇನೆ. ಗಣಿತದ ಪಾಠಕ್ಕೆ ಅಷ್ಟು ಸಾಕು. ಪ್ರೋಗ್ರಾಮಿಂಗ್ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಈಗ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದವರು ನಮ್ಮ ಎಚ್‌ಎಂಗೆ ಪತ್ರ ಬರೆದಿದ್ದಾರೆ. ತಾಲ್ಲೂಕಿನ ಹೈಸ್ಕೂಲ್ ಶಿಕ್ಷಕರಿಗೆ ಎರಡು ದಿನದ ಉಚಿತ ಕಾರ್ಯಾಗಾರ. ವಿಷಯ: ಎಐ, ಮಷಿನ್ ಲರ್ನಿಂಗ್, ಬ್ಲಾಕ್‌ಚೈನ್. ಊಟ, ಸರ್ಟಿಫಿಕೇಟ್ ಎರಡೂ ಇದೆ. ಎಚ್‌ಎಂ ಪತ್ರವನ್ನು ನನ್ನ ಕೈಗೆ ಕೊಟ್ಟು "ನೀವೇ ನೋಡಿ ಒಂದು ಉತ್ತರ ಬರೀರಿ" ಅಂದರು.

ಬೇಡ ಅನ್ನುವ ಮನಸ್ಸಿಲ್ಲ. ಅವರಾಗಿಯೇ ಮುಂದೆ ಬಂದಿದ್ದಾರೆ. ಆದರೆ ನನಗೆ ಬೇಕಿರುವುದು ಎಂಟನೇ ಕ್ಲಾಸಿನ ಹುಡುಗನಿಗೆ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು) ಅರ್ಥ ಮಾಡಿಸುವ ದಾರಿ. ಕಾಲೇಜಿನವರ ಹತ್ತಿರ ಏನು ಕೇಳಬಹುದು? ಕೇಳಿ ಪಡೆದವರು ಯಾರಾದರೂ ಇದ್ದೀರಾ?

ಬಯಲುಸೀಮೆ ಹುಡುಗ
ಬ್ಲಾಕ್‌ಚೈನ್ ಬೇಡ ಸರ್, ಲ್ಯಾಬಿನ ಬಾಗಿಲಿಗೆ ಹಾಕೋ ಚೈನ್ ಕೇಳಿ. ನಮ್ಮ ಸ್ಕೂಲಲ್ಲಿ ಯುಪಿಎಸ್ ಬ್ಯಾಟರಿ ಕದ್ದುಕೊಂಡು ಹೋದರು.

ಮಾಜಿ ಬಿಆರ್‌ಪಿ
ಮೇಷ್ಟ್ರೇ, ಇದು ನಿಮಗಾಗಿ ಮಾಡುವ ಕಾರ್ಯಕ್ರಮ ಅಂದುಕೊಳ್ಳಬೇಡಿ. ಕಾಲೇಜಿಗೆ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿರುತ್ತದೆ. ವಿಸ್ತರಣಾ ಚಟುವಟಿಕೆ ಅಂತ ಅಂಕ ಇದೆ. ಬ್ಯಾನರ್ ಕಟ್ಟಬೇಕು, ದೀಪ ಬೆಳಗಬೇಕು, ಜಿಯೋಟ್ಯಾಗ್ ಇರುವ ಫೋಟೋ ಬೇಕು, ಹಾಜರಿ ಪಟ್ಟಿಗೆ ಸಹಿ ಬೇಕು. ನಾನು ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಕರ ತರಬೇತಿ ಕೇಂದ್ರ) ಇದ್ದಾಗ ಇಂಥ ಪತ್ರಗಳು ಬರುತ್ತಲೇ ಇದ್ದವು. "ಶಿಕ್ಷಕರನ್ನು ಓಓಡಿ (ಡ್ಯೂಟಿ ಅಂತಲೇ ಲೆಕ್ಕ) ಮೇಲೆ ಕಳಿಸಿ" ಅನ್ನುವುದೊಂದೇ ಬೇಡಿಕೆ. ಮಾರನೇ ವರ್ಷ ಅದೇ ಕಾಲೇಜಿಗೆ ಫೋನ್ ಮಾಡಿದರೆ "ಯಾವ ಕಾರ್ಯಾಗಾರ?" ಅಂತ ಕೇಳಿದ್ದಾರೆ.

ಲೆಕ್ಚರರ್ ಮೇಡಂ
ಮೇಲಿನವರ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನಾನು ಒಂದು ವಿಟಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳುತ್ತೇನೆ. ಹೌದು, ನ್ಯಾಕ್ ಇದೆ. ಆದರೆ ಬ್ಲಾಕ್‌ಚೈನ್ ಯಾಕೆ ಇಡುತ್ತಾರೆ ಗೊತ್ತಾ? ಹೈಸ್ಕೂಲಲ್ಲಿ ಏನು ಪಾಠ ಇದೆ, ಯಾವ ಕಂಪ್ಯೂಟರ್ ಇದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಬಿಇ ಮಕ್ಕಳಿಗೆ ಹೇಳುವುದನ್ನೇ ಸ್ವಲ್ಪ ತೆಳು ಮಾಡಿ ನಿಮಗೆ ಬಡಿಸುತ್ತೇವೆ. ಒಬ್ಬ ಹೈಸ್ಕೂಲ್ ಮೇಷ್ಟ್ರಾದರೂ "ಇದು ಬೇಡ, ಅದು ಬೇಕು" ಅಂತ ಬರೆದ ಪತ್ರ ನಾನು ನೋಡಿಲ್ಲ. ನೀವು ಬರೆದರೆ ನೀವೇ ಮೊದಲಿಗರು.

ಇನ್ನೊಂದು. ಬಿಇ ಮಕ್ಕಳಿಗೆ ನಾಲ್ಕು ವರ್ಷದಲ್ಲಿ ಎಐಸಿಟಿಇಯ (ತಾಂತ್ರಿಕ ಶಿಕ್ಷಣ ಮಂಡಳಿ) 100 ಆಕ್ಟಿವಿಟಿ ಪಾಯಿಂಟ್ ಬೇಕು. ಊರು, ಶಾಲೆ, ಸಮಾಜದ ಕೆಲಸ ಮಾಡಿ ಗಳಿಸಬೇಕು. ಮಕ್ಕಳು ಅದಕ್ಕಾಗಿ ಕೆರೆ ಹತ್ತಿರ ಕಸ ಹೆಕ್ಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಬದಲು ನಿಮ್ಮ ಲ್ಯಾಬಿಗೆ ಬರಲಿ. ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡಲಿ, ನಿಮ್ಮ ಕ್ಲಾಸಿನಲ್ಲಿ ಪಕ್ಕದಲ್ಲಿ ನಿಲ್ಲಲಿ. ಇದನ್ನು ಖಂಡಿತ ಕೇಳಿ.

ಮಾಜಿ ಬಿಆರ್‌ಪಿ
ಪಕ್ಕದಲ್ಲಿ ನಿಲ್ಲಲಿ ಅಂತೀರಿ. ಬಂದ ಹುಡುಗರು ಮೇಷ್ಟ್ರನ್ನು ಪಕ್ಕಕ್ಕೆ ನಿಲ್ಲಿಸಿ ತಾವೇ ಪಾಠ ಮಾಡಿ ಹೋಗುತ್ತಾರೆ. ಆಮೇಲೆ ಮಕ್ಕಳು "ಆ ಅಣ್ಣ ಯಾವಾಗ ಬರ್ತಾನೆ ಸರ್" ಅಂತ ಕೇಳುತ್ತವೆ. ಮೇಷ್ಟ್ರ ಮರ್ಯಾದೆ ಏನಾಯಿತು?

ಲೆಕ್ಚರರ್ ಮೇಡಂ
ಅದಕ್ಕೇ ಪತ್ರದಲ್ಲಿ ಬರೀರಿ ಅಂದದ್ದು. ಪಾಠ ಮೇಷ್ಟ್ರದ್ದೇ, ಹುಡುಗರದ್ದು ಸಹಾಯ ಮಾತ್ರ ಅಂತ.

ಕಾಸರಗೋಡು ಟೀಚರ್
ಇಲ್ಲಿ ನಡೆಯುವುದನ್ನು ಹೇಳುತ್ತೇನೆ. ನಾನು ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿದ್ದೇನೆ. ನಮ್ಮಲ್ಲಿ ಐಸಿಟಿ, ಅಂದರೆ ಕಂಪ್ಯೂಟರ್ ಬಳಕೆ, ಒಂದು ಪಾಠದ ವಿಷಯ. ಎಸ್ಸೆಸ್ಸೆಲ್ಸಿಗೆ ಕಂಪ್ಯೂಟರ್ ಮುಂದೆ ಕೂತು ಮಾಡುವ ಪ್ರಾಯೋಗಿಕ ಪರೀಕ್ಷೆ ಉಂಟು, ಅದಕ್ಕೆ ಅಂಕವೂ ಉಂಟು. ಐಟಿ@ಸ್ಕೂಲ್ ಅಂತ 2001ರಲ್ಲಿ ಶುರುವಾದ ಕೇರಳ ಸರ್ಕಾರದ ಯೋಜನೆ ಈಗ ಕೈಟ್ ಅನ್ನುವ ಸಂಸ್ಥೆ ಆಗಿದೆ. ಎಲ್ಲ ಸ್ವತಂತ್ರ ತಂತ್ರಾಂಶ. ತರಬೇತಿ ಕೊಡುವವರು ನಮ್ಮ ಹಾಗೆ ಶಾಲೆಯ ಟೀಚರ್‌ಗಳೇ, ಕೈಟ್‌ಗೆ ಹೋಗಿ ಮಾಸ್ಟರ್ ಟ್ರೈನರ್ ಆದವರು. ಪುಸ್ತಕದಲ್ಲಿ ಪೈಥಾನ್ ಉಂಟು. 2025-26ರಿಂದ ಹತ್ತನೇ ಕ್ಲಾಸಿಗೆ ರೋಬೋಟಿಕ್ಸ್ ಕೂಡ ಬಂದಿದೆ.

ಮುಖ್ಯ ವಿಷಯ: ಆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿ ಉಂಟು. ಕೇರಳ ಸರ್ಕಾರ ಅಚ್ಚು ಹಾಕಿದ್ದು. ನೀವು ಬೇರೆ ಏನೂ ಕೇಳದಿದ್ದರೂ ಅದನ್ನು ಡೌನ್‌ಲೋಡ್ ಮಾಡಿ ಓದಿ ಮಾರಾಯ್ರೆ.

ಬಯಲುಸೀಮೆ ಹುಡುಗ
ಕನ್ನಡದಲ್ಲಿ ಹೈಸ್ಕೂಲ್ ಕಂಪ್ಯೂಟರ್ ಪುಸ್ತಕ ಬೇಕಂದ್ರೆ ಕೇರಳಕ್ಕೆ ಹೋಗಬೇಕಾ? ಇದಕ್ಕೆ ನಗಬೇಕೋ ಅಳಬೇಕೋ.

ಪ್ರಶ್ನೆ ಪರಮೇಶಿ
ಕಾಸರಗೋಡು ಟೀಚರ್ ಹೇಳಿದ್ದು ಸರಿ, ಆದರೆ ಅದರಲ್ಲಿ ವಿಶ್ವವಿದ್ಯಾಲಯದ ಪಾತ್ರ ಎಲ್ಲಿದೆ? ಅದು ಇಲಾಖೆ ಮಾಡಿದ್ದು. ಪಠ್ಯ ಇದೆ, ಪರೀಕ್ಷೆ ಇದೆ, ಆಮೇಲೆ ತರಬೇತಿ ಬಂತು. ನಮ್ಮಲ್ಲಿ ಸಾಮಾನ್ಯ ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಶಿಕ್ಷಕರ ಹುದ್ದೆಯೇ ಇಲ್ಲ. ಹಿಂದೆ ಐಸಿಟಿ ಯೋಜನೆಯಲ್ಲಿ ಏಜೆನ್ಸಿಯವರು ಕಂಪ್ಯೂಟರ್ ಜೊತೆಗೆ ಬೋಧಕರನ್ನೂ ಕೊಟ್ಟಿದ್ದರು. ಒಪ್ಪಂದ ಮುಗಿಯಿತು, ಕಂಪ್ಯೂಟರ್ ಉಳಿಯಿತು, ಬೋಧಕ ಮನೆಗೆ ಹೋದ. ಈಗ ಗಣಿತ ಮೇಷ್ಟ್ರಿಗೆ ಪೈಥಾನ್ ಕಲಿಸಿ ಏನು ಪ್ರಯೋಜನ? ಹುದ್ದೆ ಕೇಳಿ, ಕಾರ್ಯಾಗಾರ ಅಲ್ಲ.

ಮೊರಾರ್ಜಿ ಶಾಲೆಯವ
ತಿದ್ದುಪಡಿ: ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಕರ ಹುದ್ದೆ ಇದೆ. ನಾನೇ ಒಬ್ಬ. ಕೆಲವು ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ (ವೃತ್ತಿ ಕೌಶಲ ಶಿಕ್ಷಣ) ಅಡಿಯಲ್ಲಿ ಐಟಿ ವಿಷಯವೂ ಇದೆ.

ಆದರೆ ಹುದ್ದೆ ಇದ್ದರೂ ಗೋಳು ತಪ್ಪಿಲ್ಲ. ಇಡೀ ಶಾಲೆಗೆ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ. ಪಾಠದಲ್ಲಿ ಸಿಕ್ಕಿಹಾಕಿಕೊಂಡರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಕನ್ನಡ ಮೇಷ್ಟ್ರಿಗೆ ಇನ್ನೊಬ್ಬ ಕನ್ನಡ ಮೇಷ್ಟ್ರು ಪಕ್ಕದ ಸ್ಕೂಲಲ್ಲಾದರೂ ಸಿಗುತ್ತಾರೆ. ನನಗೆ ತಾಲ್ಲೂಕಿನಲ್ಲಿ ಹುಡುಕಬೇಕು.

ಗಣಿತದ ಮೇಷ್ಟ್ರು
ಪರಮೇಶಿಯವರೇ, ಹುದ್ದೆ ಕೇಳುವುದು ಸಂಘದ ಕೆಲಸ, ಕೇಳಲಿ. ಅದು ಬರುವವರೆಗೆ ನನ್ನ ಎಂಟನೇ ಕ್ಲಾಸಿನ ಮಕ್ಕಳು ಪಿಯುಸಿ ಮುಗಿಸಿರುತ್ತಾರೆ. ಇವತ್ತು ಲ್ಯಾಬಿನಲ್ಲಿ ಇರುವವನು ನಾನು.

ಮಾಜಿ ಬಿಆರ್‌ಪಿ
ಕಂಪ್ಯೂಟರ್ ಗೊತ್ತಿದೆ ಅಂತ ತೋರಿಸಿಕೊಂಡರೆ ಏನಾಗುತ್ತದೆ ಅಂತಲೂ ಹೇಳಿ ಸರ್. ಮಕ್ಕಳ ವಿವರದ ಎಸ್‌ಎಟಿಎಸ್ ಎಂಟ್ರಿ, ಶಾಲೆಯ ಅಂಕಿಅಂಶದ ಯು-ಡೈಸ್, ಸ್ಕಾಲರ್‌ಶಿಪ್ ಅರ್ಜಿ, ಎಲ್ಲ ನಿಮ್ಮ ತಲೆಗೆ. ತರಬೇತಿ ಜಾಸ್ತಿ ಆದಷ್ಟೂ ಗುಮಾಸ್ತಿಕೆ ಜಾಸ್ತಿ.

ದೈಹಿಕ ಶಿಕ್ಷಕ
ನಿಜ. ನನಗೆ ಟೈಪಿಂಗ್ ಬರುತ್ತೆ ಅಂತ ಒಮ್ಮೆ ಬಾಯಿಬಿಟ್ಟೆ. ಈಗ ವಿಷಲ್ಲಿಗಿಂತ ಮೌಸ್ ಹಿಡಿಯೋದೇ ಜಾಸ್ತಿ.

ಸುಮ್ನೆ ಓದುವವಳು
ಟೈಪಿಂಗ್ ಮಾತು ಬಂತಲ್ಲ, ಆ ಕಚೇರಿ ಸುತ್ತೋಲೆಗಳು ಇನ್ನೂ ಹಳೇ ನುಡಿ ಫಾಂಟಿನಲ್ಲಿ ಬರುವುದು ಯಾವಾಗ ನಿಲ್ಲುತ್ತೆ? ಮೊಬೈಲಲ್ಲಿ ತೆಗೆದರೆ ಬರೀ ಗೀಚು ಗೀಚು.

ಮೊರಾರ್ಜಿ ಶಾಲೆಯವ
ಈಗಿನ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಫೋನಲ್ಲೂ ಓದಲು ಬರುವ ಅಕ್ಷರ) ಇದೆ ಮೇಡಂ. ಹಾಕಿಕೊಳ್ಳಲ್ಲ ಅಷ್ಟೇ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಗೊತ್ತಿದ್ದರೆ ಬೇರೆ ಏನೂ ಕಲಿಯಬೇಕಿಲ್ಲ, ಅದೇ ಬೆರಳು.

ಪ್ರಶ್ನೆ ಪರಮೇಶಿ
ನುಡಿ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಇಲ್ಲದಿದ್ದರೆ ಬೆಳಗಾಗುತ್ತದೆ.

ಆಸ್ಟಿನ್ ಕನ್ನಡಿಗ
ಅಮೆರಿಕದಲ್ಲೂ ಇದೇ ಸಮಸ್ಯೆ ಇತ್ತು ಅಂದರೆ ನಂಬುತ್ತೀರಾ? ಇಲ್ಲೂ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳುವವರು ಗಣಿತದವರು, ವಾಣಿಜ್ಯದವರು. ಅದಕ್ಕೇ ವಿಶ್ವವಿದ್ಯಾಲಯಗಳು ಇಳಿದವು. ಕಾರ್ನೆಗಿ ಮೆಲನ್‌ನಲ್ಲಿ 2006ರಲ್ಲಿ ಹೈಸ್ಕೂಲ್ ಶಿಕ್ಷಕರಿಗೆ ಬೇಸಿಗೆ ಕಾರ್ಯಾಗಾರ ಶುರುವಾಯಿತು. ಗೂಗಲ್ ಹಣ ಹಾಕಿತು. ಸಿಎಸ್4ಎಚ್‌ಎಸ್ ಅಂತ ಹೆಸರು, ಆಮೇಲೆ ಎಷ್ಟೋ ವಿಶ್ವವಿದ್ಯಾಲಯಗಳಿಗೆ ಹರಡಿತು. ಇಲ್ಲಿನ ಕೇಂದ್ರ ಸರ್ಕಾರದ ವಿಜ್ಞಾನ ಪ್ರತಿಷ್ಠಾನ 10,000 ಶಾಲೆಗಳಿಗೆ 10,000 ಶಿಕ್ಷಕರು ಅಂತ ಗುರಿ ಇಟ್ಟಿತು. ಬರ್ಕ್ಲಿಯವರು ತಮ್ಮ ಮೊದಲ ವರ್ಷದ ಕೋರ್ಸನ್ನೇ ಹೈಸ್ಕೂಲಿಗೆ ಹೊಂದಿಸಿ, ಸ್ನ್ಯಾಪ್ ಅನ್ನುವ ಬ್ಲಾಕ್ ಭಾಷೆ (ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವುದು) ಮಾಡಿ, ಶಿಕ್ಷಕರಿಗೆ ಕಲಿಸಿದರು. ನಮ್ಮ ಟೆಕ್ಸಾಸ್ ವಿಶ್ವವಿದ್ಯಾಲಯದವರು ಶಿಕ್ಷಕರನ್ನು ರಾಜ್ಯದ ಅರ್ಹತಾ ಪರೀಕ್ಷೆಗೆ ತಯಾರು ಮಾಡುತ್ತಾರೆ.

ಆದರೆ ನನಗೆ ಇಷ್ಟವಾದದ್ದು ಜಾರ್ಜಿಯಾ ಟೆಕ್‌ನವರ ಕೆಲಸ. ಹೈಸ್ಕೂಲ್ ಮೇಷ್ಟ್ರು, ಕಾಲೇಜು ಮೇಷ್ಟ್ರು ಒಂದು ಶೈಕ್ಷಣಿಕ ವರ್ಷ ಪೂರ್ತಿ ತಿಂಗಳಿಗೊಮ್ಮೆ ಸೇರುತ್ತಿದ್ದರು. ಭಾಷಣ ಇಲ್ಲ. ತಮ್ಮ ತಮ್ಮ ಪಾಠ, ಪ್ರಶ್ನೆಪತ್ರಿಕೆ, ಮಕ್ಕಳ ಉತ್ತರ ಮೇಜಿನ ಮೇಲೆ ಇಟ್ಟು ಮಾತು. ಮೊರಾರ್ಜಿ ಶಾಲೆಯವರು ಹೇಳಿದ ಒಂಟಿತನ ಇದೆಯಲ್ಲ, ಅಲ್ಲಿನ ಶಿಕ್ಷಕರದ್ದೂ ಅದೇ ದೂರು.

ಪ್ರಶ್ನೆ ಪರಮೇಶಿ
ಗೂಗಲ್ ದುಡ್ಡು, ಪ್ರತಿಷ್ಠಾನದ ದುಡ್ಡು. ಇಲ್ಲಿ ಪ್ರಯಾಣದ ಟಿಎ ಬಿಲ್ ಪಾಸಾಗಲ್ಲ ಸ್ವಾಮಿ.

ಆಸ್ಟಿನ್ ಕನ್ನಡಿಗ
ತಿಂಗಳಿಗೊಮ್ಮೆ ಕೂತು ಮಾತಾಡಲು ಎಷ್ಟು ದುಡ್ಡು ಬೇಕು? ಕಾಫಿ ಖರ್ಚು.

ಪ್ರಶ್ನೆ ಪರಮೇಶಿ
ಕಾಫಿ ಅಲ್ಲ, ಓಓಡಿ. ಎಸ್ಸೆಸ್ಸೆಲ್ಸಿ ಗಣಿತ ಹೇಳುವವರನ್ನು ತಿಂಗಳಿಗೊಂದು ದಿನ ಬಿಡುವ ಎಚ್‌ಎಂ ಯಾರಿದ್ದಾರೆ? ರಿಸಲ್ಟ್ ಕಮ್ಮಿಯಾದರೆ ಜಿಲ್ಲೆಯ ಡಿಡಿಪಿಐ ಸಾಹೇಬರ ಮುಂದೆ ನಿಲ್ಲುವವರು ಅವರು.

ಲೀಡ್ಸ್‌ನ ಹುಬ್ಬಳ್ಳಿಯಾಕಿ
ಪರಮೇಶಿ ಅವರ ಪ್ರಶ್ನೆ ಸರಿಯಾದ ಜಾಗಕ್ಕೆ ಬಿದ್ದಿದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ರಾಯಲ್ ಸೊಸೈಟಿ ಶಾಲೆಯ ಕಂಪ್ಯೂಟರ್ ಪಾಠವನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿತು. 2014ರಲ್ಲಿ ಹಳೆ ಐಸಿಟಿ ತೆಗೆದು ಕಂಪ್ಯೂಟಿಂಗ್ ತಂದರು. ಪವರ್‌ಪಾಯಿಂಟ್ ಹೇಳುತ್ತಿದ್ದವರು ಅಲ್ಗಾರಿದಮ್ ಹೇಳಬೇಕಾಯಿತು. ಪಠ್ಯ ಮೊದಲು ಬಂತು, ತರಬೇತಿಗೆ ದೊಡ್ಡ ದುಡ್ಡು ಬಂದದ್ದು 2018ರಲ್ಲಿ: 8.4 ಕೋಟಿ ಪೌಂಡ್. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ, ರಾಸ್‌ಬೆರಿ ಪೈ ಫೌಂಡೇಶನ್ ಎಲ್ಲ ಸೇರಿ ನಡೆಸಿದರು. ಮೇಷ್ಟ್ರು ತರಬೇತಿಗೆ ಹೋದಾಗ ಬದಲಿ ಶಿಕ್ಷಕರನ್ನು ಇಟ್ಟುಕೊಳ್ಳಲು ಶಾಲೆಗೂ ಸಹಾಯಧನ ಕೊಟ್ಟರು. ಇದು ಇಲ್ಲದಿದ್ದರೆ ಇಲ್ಲಿನ ಹೆಡ್‌ಮಾಸ್ಟರ್ ಕೂಡ ಬಿಡುತ್ತಿರಲಿಲ್ಲ. ಹೆಡ್‌ಮಾಸ್ಟರ್‌ಗಳು ಎಲ್ಲಾ ಕಡೆ ಒಂದೇ ರೀ.

ಪಿಯು ಸಿಎಸ್
ನಾನು ಪಿಯು ಕಾಲೇಜಿನ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕ. ನಮ್ಮಲ್ಲಿ ಸಿ++ ಹೋಗಿ ಪೈಥಾನ್ ಬಂದಿದೆ. ಹೈಸ್ಕೂಲಿನವರಿಗೆ ಒಂದು ವಿನಂತಿ. ದಯವಿಟ್ಟು ಪೈಥಾನ್ ವ್ಯಾಕರಣ ಬಾಯಿಪಾಠ ಮಾಡಿಸಬೇಡಿ. ಕೋಲನ್, ಇಂಡೆಂಟೇಶನ್ ನಾನು ಒಂದು ವಾರದಲ್ಲಿ ಹೇಳಿಕೊಡುತ್ತೇನೆ. ಮಕ್ಕಳಿಗೆ ಬಾರದೇ ಇರುವುದು ಬೇರೆ. ಒಂದು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ಬರೆಯಲು ಬರುವುದಿಲ್ಲ. "ಎಕ್ಸ್ ಈಕ್ವಲ್ ಟು ಎಕ್ಸ್ ಪ್ಲಸ್ 1" ಅಂತ ಬರೆದರೆ "ಸರ್, ಇದು ತಪ್ಪು ಸಮೀಕರಣ" ಅನ್ನುತ್ತಾರೆ.

ಗಣಿತದ ಮೇಷ್ಟ್ರು
ಅದು ನಾವು ಕಲಿಸಿದ ಗಣಿತದ ಫಲ ಸರ್! ಬೀಜಗಣಿತದಲ್ಲಿ ಅದು ತಪ್ಪೇ ಅಲ್ವಾ. ಮಗು ಸರಿಯಾಗಿ ಯೋಚಿಸುತ್ತಿದೆ. ಗಣಿತವೂ ಕಂಪ್ಯೂಟರೂ ಎರಡೂ ಹೇಳುವವನಿಗೆ ಈ ಗೊಂದಲ ಮೊದಲೇ ಕಾಣುತ್ತದೆ. ಆದರೆ ಬಿಡಿಸುವುದು ಹೇಗೆ? ನನಗೆ ಕಾಲೇಜಿನಿಂದ ಬೇಕಿರುವುದು ಇಂಥದ್ದು.

ಪಿಯು ಸಿಎಸ್
ನಾನು ಬೋರ್ಡಿನ ಮೇಲೆ ಒಂದು ಚೌಕ ಬರೆದು ಅದಕ್ಕೆ ಎಕ್ಸ್ ಅಂತ ಹೆಸರಿಡುತ್ತೇನೆ. ಒಳಗೆ 5. ಒಬ್ಬ ಹುಡುಗ ಬಂದು ಒಳಗಿರುವುದನ್ನು ಓದಬೇಕು, ಪಕ್ಕದಲ್ಲಿ 1 ಕೂಡಿಸಬೇಕು, ಹಳೆಯದನ್ನು ಡಸ್ಟರಿನಿಂದ ಒರೆಸಿ 6 ಬರೆಯಬೇಕು. ಒರೆಸುವುದು ಮುಖ್ಯ. ಗಣಿತದಲ್ಲಿ ಒರೆಸುವ ಮಾತಿಲ್ಲ, ಇಲ್ಲಿ ಇದೆ. ಅದನ್ನೇ ಹತ್ತು ಸಲ ಮಾಡಿಸಿ, ಅದೇ ನಿಮ್ಮ ಲೂಪ್.

ಚಳ್ಳಕೆರೆ ರಿಟರ್ನ್
ಇದೇ ನೋಡಿ ತರಬೇತಿ ಅಂದರೆ. ಐಐಎಸ್‌ಸಿಯವರ ಕುದಾಪುರದ ಕ್ಯಾಂಪಸ್ಸಿಗೆ ನಾನು ಗಣಿತ ತರಬೇತಿಗೆ ಹೋಗಿದ್ದೆ. ಅಲ್ಲೇ ಉಳಿದುಕೊಂಡು ಕಲಿಯುವುದು. ಅಲ್ಲಿ ನನಗೆ ಹಿಡಿಸಿದ್ದು, ನಾವು ಕ್ಲಾಸಿನಲ್ಲಿ ಹೇಳುವ ವಿಷಯವನ್ನೇ ಹಿಡಿದುಕೊಂಡು ಅದರ ಬೇರಿಗೆ ಹೋಗುತ್ತಿದ್ದರು. ವಾಪಸ್ ಬಂದ ಸೋಮವಾರವೇ ಕ್ಲಾಸಿನಲ್ಲಿ ಬಳಸಿದೆ. ಎರಡು ದಿನವೋ ಹತ್ತು ದಿನವೋ ಅನ್ನುವುದಕ್ಕಿಂತ ಸೋಮವಾರ ಬಳಸಬಹುದಾ ಅಂತ ಕೇಳಿಕೊಳ್ಳಿ.

ಪ್ರಶ್ನೆ ಪರಮೇಶಿ
ಐಐಎಸ್‌ಸಿಯನ್ನೂ ಊರಿನ ಇಂಜಿನಿಯರಿಂಗ್ ಕಾಲೇಜನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಲೆಕ್ಚರರ್ ಮೇಡಂ
ಇಡಿ ಪರವಾಗಿಲ್ಲ. ಚೌಕ ಬರೆದು ಒರೆಸಲು ಐಐಎಸ್‌ಸಿ ಬೇಕಿಲ್ಲ.

ಶಿರಸಿ ಅಕ್ಕ
ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ. ಹಾಗಾಗಿ ನಾನು ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಸೈನ್ಸ್ ಹೇಳುತ್ತೇನೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರ 'ಸಿಎಸ್ ಅನ್‌ಪ್ಲಗ್ಡ್' ಅಂತ ಇದೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ. ನಮ್ಮ ದೇಶದಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾದವರ ಸಿಎಸ್‌ಪಾಠಶಾಲಾ 2016ರಿಂದ ಇದೆ, ಅವರಲ್ಲೂ ಕಂಪ್ಯೂಟರ್ ಬೇಡದ ಚಟುವಟಿಕೆಗಳಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳಲ್ಲಿ ಕನ್ನಡ ಧ್ವನಿಯವೂ ಇವೆ, ಆದರೆ ಅವಕ್ಕೆ ಕರೆಂಟು ಬೇಕು.

ಒಂದು ಆಟ ಹೇಳುತ್ತೇನೆ. ಹಳೆ ಮದುವೆ ಕಾಗದಗಳನ್ನು 36 ಚೌಕ ಕತ್ತರಿಸಿ. ಒಂದು ಬದಿ ಬಣ್ಣ, ಒಂದು ಬದಿ ಬಿಳಿ ಇರಬೇಕು. (ಇಸ್ಪೀಟ್ ಎಲೆ ತರಬೇಡಿ, ಶಾಲಾ ಸಮಿತಿ ಎಸ್‌ಡಿಎಂಸಿಯವರು ನೋಡಿದರೆ ನಿಮ್ಮ ಕಥೆ ಮುಗೀತು.) ಒಬ್ಬ ಹುಡುಗಿಗೆ 25 ಚೀಟಿ ಕೊಟ್ಟು ಐದು ಸಾಲು, ಐದು ಕಂಬ ಮನಸ್ಸಿಗೆ ಬಂದ ಹಾಗೆ ಜೋಡಿಸಲು ಹೇಳಿ. "ಸ್ವಲ್ಪ ಕಷ್ಟ ಮಾಡೋಣ" ಅಂತ ನೀವು ಆರನೇ ಸಾಲು, ಆರನೇ ಕಂಬ ಸೇರಿಸಿ. ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ಬಣ್ಣದ ಚೀಟಿ ಸಮಸಂಖ್ಯೆ ಆಗುವ ಹಾಗೆ. ಆಮೇಲೆ ತಿರುಗಿ ನಿಂತುಕೊಳ್ಳಿ. ಯಾರಾದರೂ ಒಂದು ಚೀಟಿ ಮಗುಚಲಿ. ನೀವು ತಿರುಗಿ ನೋಡಿ ಬೆಸಸಂಖ್ಯೆ ಆಗಿರುವ ಸಾಲು, ಕಂಬ ಹುಡುಕಿ ಅದೇ ಚೀಟಿಯ ಮೇಲೆ ಬೆರಳಿಡಿ. ಮಕ್ಕಳು ಕೂಗುವುದು ಎಚ್‌ಎಂ ಕೋಣೆಗೆ ಕೇಳುತ್ತದೆ.

ಆಮೇಲೆ ಹೇಳಿ, ಆಧಾರ್ ನಂಬರಿನ ಕೊನೆಯ ಅಂಕಿ ಇಂಥ ಕೆಲಸಕ್ಕೇ ಇರುವುದು ಅಂತ. ಅಲ್ಲಿ ಬಳಸುವುದು ವೆರ್ಹೂಫ್ ಅನ್ನುವ ಬೇರೆ ವಿಧಾನ, ತಪ್ಪಾಗಿದೆ ಅಂತ ಮಾತ್ರ ಹೇಳುತ್ತದೆ. ಆದರೆ ಉದ್ದೇಶ ಒಂದೇ. ಒಂದು ಅಂಕಿ ತಪ್ಪು ಹೊಡೆದರೆ ಸಿಕ್ಕಿಬೀಳುತ್ತದೆ.

ದೈಹಿಕ ಶಿಕ್ಷಕ
ಓಹ್, ಎಂಟ್ರಿ ಮಾಡುವಾಗ ಆಧಾರ್ ತಪ್ಪು ಅಂತ ಕೆಂಪಗೆ ಬರೋದು ಇದಕ್ಕೇನಾ! ಇಷ್ಟು ದಿನ ಸರ್ವರ್‌ಗೆ ಬೈದುಕೊಂಡಿದ್ದೆ.

ಮಾಜಿ ಬಿಆರ್‌ಪಿ
ಶಿರಸಿ ಅಕ್ಕ, ಈ ಆಟ ಗಣಿತದ ಬೆಸ-ಸಮ ಪಾಠಕ್ಕೂ ಆಗುತ್ತದೆ. ಹಾಗಾದರೆ ಎಚ್‌ಎಂ ತಕರಾರು ಎತ್ತುವ ಹಾಗಿಲ್ಲ. ಇಷ್ಟು ಒಪ್ಪುತ್ತೇನೆ.

ಗಣಿತದ ಮೇಷ್ಟ್ರು
ಎಲ್ಲರ ಮಾತು ಸೇರಿಸಿ ಪತ್ರದ ಕರಡು ಬರೆದಿದ್ದೇನೆ, ನೋಡಿ:

"ಮಾನ್ಯರೇ, ತಮ್ಮ ಆಹ್ವಾನಕ್ಕೆ ಧನ್ಯವಾದ. ನಮ್ಮ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಹೇಳುವವರು ಹೆಚ್ಚಾಗಿ ಗಣಿತ, ವಿಜ್ಞಾನ ಶಿಕ್ಷಕರು. ಎಐ, ಬ್ಲಾಕ್‌ಚೈನ್ ಬದಲಿಗೆ ವೇರಿಯಬಲ್, ಷರತ್ತು, ಲೂಪ್ ಈ ಮೂರನ್ನು 13-14 ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಹೇಗೆ ಹೇಳುವುದು ಅನ್ನುವುದನ್ನು ಇಟ್ಟುಕೊಳ್ಳಲು ಕೋರುತ್ತೇವೆ. ಕಾರ್ಯಾಗಾರದ ಮೊದಲು ತಮ್ಮ ಇಬ್ಬರು ಉಪನ್ಯಾಸಕರು ನಮ್ಮ ಲ್ಯಾಬಿಗೆ ಬಂದು ಇರುವ ಯಂತ್ರಗಳನ್ನು ನೋಡಿ, ಅದರಲ್ಲೇ ನಡೆಯುವ ಪಾಠ ಸಿದ್ಧಪಡಿಸಬೇಕು. ಎರಡು ದಿನ ಒಟ್ಟಿಗೆ ಬೇಡ. ಜೂನ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಶನಿವಾರ ಸಾಕು. ಪ್ರತಿ ಸಲ ನಾವು ಮಾಡಿದ ಪಾಠ, ಮಕ್ಕಳ ಬರವಣಿಗೆ ತರುತ್ತೇವೆ. ತಮ್ಮ ವಿದ್ಯಾರ್ಥಿಗಳು ಆಕ್ಟಿವಿಟಿ ಪಾಯಿಂಟ್‌ಗಾಗಿ ಲ್ಯಾಬಿನ ದುರಸ್ತಿಗೆ ಬರಬಹುದು, ಕ್ಲಾಸ್ ಶಿಕ್ಷಕರೇ ನಡೆಸುತ್ತಾರೆ. ಫೋನ್ ಮಾಡಿ ಕೇಳಲು ತಮ್ಮಲ್ಲಿ ಒಬ್ಬರನ್ನು ಗೊತ್ತುಮಾಡಿ ಕೊಡಬೇಕು."

ಪ್ರಶ್ನೆ ಪರಮೇಶಿ
ಹುದ್ದೆಯ ಮಾತು ಎಲ್ಲಿ? ಕೊನೆಗೆ "ಪ್ರತಿ: ಬಿಇಒ ಅವರ ಮಾಹಿತಿಗಾಗಿ" ಅಂತಾದರೂ ಹಾಕಿ. ತಾಲ್ಲೂಕಿನಲ್ಲಿ ಕಂಪ್ಯೂಟರ್ ಹೇಳುವವರು ಗಣಿತದವರು ಅನ್ನುವ ಸಾಲು ಅವರ ಫೈಲಿನಲ್ಲಿ ಕೂರಲಿ.

ಗಣಿತದ ಮೇಷ್ಟ್ರು
ಹಾಕಿದೆ.

ಮಾಜಿ ಬಿಆರ್‌ಪಿ
ರಜೆಯಲ್ಲಿ ಒಂದು ದಿನವೂ ಒಪ್ಪಬೇಡಿ. ಒಪ್ಪಿದರೆ ಗಳಿಕೆ ರಜೆಗೆ ಆದೇಶ ಮೊದಲೇ ಬರೆಸಿಕೊಳ್ಳಿ. ಆಮೇಲೆ ಯಾರೂ ಕೊಡಲ್ಲ.

ಕಾಸರಗೋಡು ಟೀಚರ್
ಕನ್ನಡ ಐಸಿಟಿ ಪುಸ್ತಕವನ್ನು ಕಾಲೇಜಿನವರಿಗೂ ಒಂದು ಪ್ರತಿ ಕೊಡಿ. ಅವರಿಗೂ ಹೈಸ್ಕೂಲ್ ಮಟ್ಟ ಎಷ್ಟು ಅಂತ ತಿಳಿಯಲಿ.

ಲೆಕ್ಚರರ್ ಮೇಡಂ
ಪತ್ರ ಚೆನ್ನಾಗಿದೆ. ಒಂದು ತೊಡಕು ಇದೆ. ನಿಮಗೆ ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ನಮ್ಮಂಥ ಕಾಲೇಜುಗಳಲ್ಲಿ ಶನಿವಾರ ಮಧ್ಯಾಹ್ನ ಕಾಲೇಜ್ ಬಸ್ ಹೊರಟುಹೋಗುತ್ತದೆ, ಆಮೇಲೆ ಉಪನ್ಯಾಸಕರು ಉಳಿಯಲ್ಲ. ಅವರೇ ನಿಮ್ಮ ಶಾಲೆಗೆ ಬರಲಿ ಅಂತ ಬರೀರಿ. ಬಸ್ ಸಮಸ್ಯೆಯೂ ಇಲ್ಲ, ನಿಮ್ಮ ಲ್ಯಾಬೂ ನೋಡಿದಂತಾಗುತ್ತದೆ.

ಗಣಿತದ ಮೇಷ್ಟ್ರು
ಸರಿ ಮೇಡಂ, ತಿದ್ದಿದೆ. ಸ್ಟ್ಯಾಂಡಿನಿಂದ ಬೈಕಲ್ಲಿ ಕರೆದುಕೊಂಡು ಬರುವ ಜವಾಬ್ದಾರಿ ನಮ್ಮದು. ನಾಳೆ ಎಚ್‌ಎಂ ಸಹಿ ಆದರೆ ಸಂಜೆ ಟಪಾಲಿಗೆ ಹಾಕುತ್ತೇನೆ.

ಬಯಲುಸೀಮೆ ಹುಡುಗ
ಇಮೇಲ್ ಮಾಡಿ ಸರ್, ಕಂಪ್ಯೂಟರ್ ಮೇಷ್ಟ್ರು ನೀವು!

ಗಣಿತದ ಮೇಷ್ಟ್ರು
ಎರಡೂ ಮಾಡುತ್ತೇನೆ. ಟಪಾಲಿಗೆ ಆವಕ ಸಂಖ್ಯೆ ಸಿಗುತ್ತದೆ.